ಹುಡುಗ ಪರ್ಮನೆಂಟಾ?

ಭದ್ರಾವತಿಯ ಕಡೆ ಸಂಬಂಧ ನೋಡುವಾಗ ಜಾತಕ ತರಿಸುವುದಕ್ಕೂ ಮುಂಚೆ ಒಂದು ಪ್ರಶ್ನೆ ಹೋಗುತ್ತಿತ್ತು.

‘ಹುಡುಗ ಏನ್ ಮಾಡ್ತಾನೆ?’

‘ಫ್ಯಾಕ್ಟ್ರೀಲಿದಾನೆ.’

‘ಪರ್ಮನೆಂಟಾ?’

ಉತ್ತರ ಮೂರು ಬಗೆಯಲ್ಲಿ ಬರುತ್ತಿತ್ತು. ‘ಆಗಿದೆ’ ಅಂದರೆ ಮುಂದಿನ ಭಾನುವಾರವೇ ಹೆಣ್ಣು ನೋಡುವ ಶಾಸ್ತ್ರ. ‘ಆಗುತ್ತೆ ಅಂತಿದಾರೆ’ ಅಂದರೆ ಮನೆಯ ಹಿರಿಯರು ಒಂದು ಸುತ್ತು ವಿಚಾರಿಸಿಕೊಂಡು ಬರುತ್ತಿದ್ದರು. ‘ಕಾಂಟ್ರ್ಯಾಕ್ಟು’ ಅಂದುಬಿಟ್ಟರೆ ಮಾತು ಕಾಫಿಗೆ ಮುಗಿಯುತ್ತಿತ್ತು. ಹುಡುಗನ ಗುಣ, ಮನೆತನ, ಕೈಕೆಲಸದ ನಾಜೂಕು ಎಲ್ಲವೂ ಆಮೇಲಿನ ಮಾತು. ಒಂದು ಇಂಗ್ಲಿಷ್ ಗುಣವಾಚಕ ಒಂದು ಊರಿನ ಮದುವೆ, ಮನೆ, ಸಾಲ, ಮರ್ಯಾದೆಗಳನ್ನೆಲ್ಲ ಇಷ್ಟು ಕಾಲ ಆಳಿದ್ದು ಕರ್ನಾಟಕದಲ್ಲಿ ಬೇರೆಲ್ಲಾದರೂ ಇದ್ದೀತೇ ಎಂಬುದು ನನಗೆ ಅನುಮಾನ.

ಇಂಗ್ಲಿಷಿನವರು ಈ ಪದವನ್ನು ಸಾಮಾನ್ಯವಾಗಿ ಕೆಲಸಕ್ಕೆ ಅಂಟಿಸುತ್ತಾರೆ. ಕೆಲಸ ಪರ್ಮನೆಂಟ್, ವಿಳಾಸ ಪರ್ಮನೆಂಟ್, ಕಲೆ ಪರ್ಮನೆಂಟ್. ನಮ್ಮಲ್ಲಿ ಅದು ಮನುಷ್ಯನಿಗೇ ಅಂಟಿತು. ‘ನಮ್ಮ ದೊಡ್ಡೋನು ಪರ್ಮನೆಂಟ್ ಆದ’ ಎಂದು ತಾಯಿ ಹೇಳುತ್ತಾಳೆ. ಅದಕ್ಕಿಂತ ಹೆಚ್ಚು ಕೇಳಿಬರುವುದು ‘ಅವನಿಗೆ ಪರ್ಮನೆಂಟ್ ಆಯ್ತು’ ಎಂಬ ಮಾತು. ಮದುವೆ ಆಯ್ತು, ವರ್ಗ ಆಯ್ತು, ಬಡ್ತಿ ಆಯ್ತು ಎನ್ನುವ ಸಾಲಿನಲ್ಲೇ ಇದೂ ಒಂದು. ಗುಣವನ್ನು ಹೇಳಬೇಕಿದ್ದ ಪದ ಬಾಳಿನಲ್ಲಿ ಒಮ್ಮೆ ನಡೆಯುವ ಶುಭಕಾರ್ಯದ ಹೆಸರಾಯಿತು. ಆ ದಿನ ಓಣಿಗೆಲ್ಲ ಸ್ವೀಟು ಹಂಚುವ ಪದ್ಧತಿಯೂ ಇತ್ತು.

ಕನ್ನಡದಲ್ಲಿ ಇದಕ್ಕೆ ಪದ ಇಲ್ಲವೆಂದಲ್ಲ. ಸರ್ಕಾರಿ ಆದೇಶಗಳಲ್ಲಿ ‘ಖಾಯಂ’ ಇದೆ, ಅದರ ಎದುರಿಗೆ ‘ಹಂಗಾಮಿ’ ಇದೆ. ಎರಡೂ ಪೇಷ್ಕಾರ, ಶಿರಸ್ತೇದಾರರ ಕಾಲದಿಂದ ಕಚೇರಿಯ ಕಡತಗಳಲ್ಲಿ ಓಡಾಡಿ ಪಳಗಿದ ಮಾತುಗಳು. ‘ಶಾಶ್ವತ’ವೂ ಇದೆ. ಶಾಶ್ವತ ನೀರಾವರಿ ಎನ್ನುತ್ತೇವೆ, ಶಾಶ್ವತ ಪರಿಹಾರ ಎನ್ನುತ್ತೇವೆ. ಆದರೆ ‘ನಮ್ಮ ಹುಡುಗ ಶಾಶ್ವತ’ ಎಂದು ಯಾರೂ ಬಾಯಿಬಿಟ್ಟು ಹೇಳಲಾರರು, ಅದು ದೇವರಿಗೆ ಸಲ್ಲುವ ಮಾತು. ಕಾರ್ಖಾನೆಯ ಜೊತೆ ಬಂದದ್ದು ಪರ್ಮನೆಂಟ್. ಶಿಫ್ಟು, ಕ್ಯಾಂಟೀನು, ಕ್ವಾಟ್ರಸ್ಸು, ಗೇಟ್ ಪಾಸು, ಓಟಿ ಎಲ್ಲ ಬಂದ ಹಾಗೆ ಅದೂ ಬಂತು, ಬಂದದ್ದು ಊರಿನದೇ ಆಯಿತು.

ಊರೇ ಆ ಪದದ ಮೇಲೆ ನಿಂತಿತು ಎಂದರೂ ತಪ್ಪಲ್ಲ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಜಾಗದಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಕಟ್ಟಲು ತೀರ್ಮಾನಿಸಿದ್ದು 1918ರಲ್ಲಿ. ಕಬ್ಬಿಣ ಹರಿದದ್ದು 1923ರಲ್ಲಿ. ಆಗಿನ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಅದಿರು ಕೆಮ್ಮಣ್ಣುಗುಂಡಿಯಿಂದ, ಸೌದೆ ಮಲೆನಾಡಿನ ಕಾಡಿನಿಂದ, ನೀರು ಭದ್ರೆಯಿಂದ. ಕಲ್ಲಿದ್ದಲಿನ ಬದಲು ಇದ್ದಿಲಿನಲ್ಲಿ ಕುಲುಮೆ ಉರಿಸಿ, ಸೌದೆ ಸುಡುವಾಗ ಬರುವ ಹೊಗೆಯಿಂದ ಮರದ ಸ್ಪಿರಿಟ್, ಟಾರು ಇಳಿಸುವ ಯೋಜನೆ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ನಷ್ಟದಲ್ಲಿದ್ದ ಈ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ನಿಂತು ದಡ ಹತ್ತಿಸಿದರು. ಆಮೇಲೆ ಉಕ್ಕು ಬಂತು, ಸಿಮೆಂಟ್ ಬಂತು. 1930ರ ದಶಕದಲ್ಲೇ ಪಕ್ಕದಲ್ಲಿ ಮೈಸೂರು ಪೇಪರ್ ಮಿಲ್ಸ್ ಎದ್ದಿತು.

ಒಲೆಯ ಮುಂದೆ ನಿಲ್ಲುವ ಕೆಲಸಕ್ಕೆ ನಿನ್ನೆ ಬಂದವನು ಸಾಲದು. ಕಬ್ಬಿಣದ ಬಣ್ಣ ನೋಡಿ ಹದ ಹೇಳುವವನು ತಯಾರಾಗಲು ವರ್ಷಗಳು ಬೇಕು. ಕೃಷಿ ಬಿಟ್ಟು, ತಮಿಳುನಾಡು, ಆಂಧ್ರ, ಕೇರಳದಿಂದ ವಲಸೆ ಬಂದು ಕಲಿತ ಮನುಷ್ಯನನ್ನು ಉಳಿಸಿಕೊಳ್ಳುವ ಗರಜು ಕಾರ್ಖಾನೆಗಿತ್ತು. ಹಾಗಾಗಿ ಮನೆ ಕೊಟ್ಟರು, ಶಾಲೆ ತೆರೆದರು, ಆಸ್ಪತ್ರೆ ಕಟ್ಟಿದರು. ‘ಪರ್ಮನೆಂಟ್’ ಎಂಬುದರ ಬೇರು ಲ್ಯಾಟಿನ್ನಿನ ‘ಮಾನೇರೆ’, ಅಂದರೆ ಉಳಿದಿರು, ತಂಗಿರು. ‘ಪರ್’ ಸೇರಿದರೆ ಕೊನೆಯತನಕ ಉಳಿದಿರುವುದು. ದೊಡ್ಡ ಮನೆಗೆ ಹೇಳುವ ‘ಮ್ಯಾನ್ಶನ್’ ಕೂಡ ಅದೇ ಬೇರಿನ ಚಿಗುರು. ನ್ಯೂಟೌನಿನ ಆ ಸಾಲು ಮನೆಗಳು, ಪೇಪರ್ ಟೌನಿನ ಆ ಕ್ವಾಟ್ರಸ್ಸುಗಳು ಮ್ಯಾನ್ಶನ್ ಆಗಿರಲಿಲ್ಲ, ಆದರೆ ಉಳಿಯುವ ನಂಬಿಕೆ ಅಲ್ಲಿತ್ತು. ಅಂಗಳದಲ್ಲಿ ತೆಂಗಿನ ಸಸಿ ನೆಟ್ಟರೆ ಕಾಯಿ ತಿನ್ನುವವರೆಗೆ ಇರುತ್ತೇವೆ ಎಂಬ ಲೆಕ್ಕ ಅದರಲ್ಲಿತ್ತು.

ಪರ್ಮನೆಂಟ್ ಆದವನಿಗೆ ಅಂಗಡಿಯವನು ಪುಸ್ತಕ ಇಡುತ್ತಿದ್ದ, ತಿಂಗಳಿಗೊಮ್ಮೆ ಚುಕ್ತಾ. ಸೊಸೈಟಿಯಲ್ಲಿ ಸಾಲ ಸಿಗುತ್ತಿತ್ತು, ಬೇರೆಯವರ ಸಾಲಕ್ಕೆ ಜಾಮೀನು ಹಾಕುವ ಯೋಗ್ಯತೆಯೂ ಬರುತ್ತಿತ್ತು. ಜಾಮೀನುದಾರರ ಅರ್ಜಿಯಲ್ಲಿ ‘ಖಾಯಂ ನೌಕರರೇ?’ ಎಂಬ ಸಾಲು ಇಂದಿಗೂ ಇರುತ್ತದೆ. ಒಬ್ಬನ ಪರ್ಮನೆಂಟು ನಾಲ್ಕು ಮನೆಯ ಸಾಲಕ್ಕೆ ಆಧಾರ.

ಈಗ ಕಾನೂನಿನ ಪುಸ್ತಕಕ್ಕೆ ಬರೋಣ. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ಕೆಳಗೆ ಬಂದ ಮಾದರಿ ನಿಯಮಗಳು ಕಾರ್ಮಿಕರನ್ನು ವಿಂಗಡಿಸಿದವು: ಪರ್ಮನೆಂಟ್, ಪ್ರೊಬೇಷನರ್, ಬದಲಿ, ಟೆಂಪರರಿ, ಕ್ಯಾಶುಯಲ್, ಅಪ್ರೆಂಟಿಸ್. ಈ ಪಟ್ಟಿಯಲ್ಲಿ ‘ಬದಲಿ’ ಮಾತ್ರ ಇಂಗ್ಲಿಷ್ ಕಾಯ್ದೆಯೊಳಗೆ ಹೋಗಿ ಕೂತ ನಮ್ಮ ದೇಶದ ಮಾತು. ಖಾಯಂ ಕಾರ್ಮಿಕ ರಜೆ ಹಾಕಿದಾಗ ಅವನ ಜಾಗದಲ್ಲಿ ನಿಲ್ಲುವವನು ಬದಲಿ. ಟೆಂಪರರಿಗೆ ಕೊಟ್ಟಿರುವ ವಿವರಣೆ ಗಮನಿಸಬೇಕು. ಮೂಲತಃ ತಾತ್ಕಾಲಿಕವಾದ, ಸ್ವಲ್ಪ ಕಾಲದಲ್ಲಿ ಮುಗಿದುಹೋಗುವ ಕೆಲಸಕ್ಕೆ ತೆಗೆದುಕೊಂಡವನು ಟೆಂಪರರಿ. ಅಂದರೆ ತಾತ್ಕಾಲಿಕ ಎನ್ನುವುದು ಮೊದಲು ಕೆಲಸದ ಗುಣ, ಆ ಮೂಲಕವಷ್ಟೇ ಮನುಷ್ಯನದು. ಪರ್ಮನೆಂಟ್ ಆಗಲು ಆ ನಿಯಮ ಕೇಳಿದ್ದು ಮೂರು ತಿಂಗಳ ಪ್ರೊಬೇಷನ್ನನ್ನು ಸರಿಯಾಗಿ ಮುಗಿಸುವುದನ್ನು, ಅಷ್ಟೇ. ಮೂರು ತಿಂಗಳು! ಇವತ್ತು ಹದಿನೈದು ವರ್ಷ ಒಂದೇ ಗೇಟಿನಲ್ಲಿ ಒಳಗೆ ಹೋಗಿ ಬಂದವರನ್ನು ನೋಡುವಾಗ ಆ ಮೂರು ತಿಂಗಳು ಬೇರೆ ಯುಗದ ಮಾತಿನಂತೆ ಕೇಳುತ್ತದೆ.

ಈ ಪದದ ಸುತ್ತ ಬೆಳೆದ ದೊಡ್ಡ ನಂಬಿಕೆಯೊಂದಿದೆ: 240 ದಿನ. ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಚಹಾದಂಗಡಿಯ ಮುಂದೆ ನಿಂತು ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ: ‘ಇನ್ನೂರ ನಲವತ್ತು ದಿನ ಆದ್ರೆ ಪರ್ಮನೆಂಟ್ ಮಾಡ್ಲೇಬೇಕು ಸಾರ್, ಅದಕ್ಕೇ ಬ್ರೇಕ್ ಕೊಡ್ತಾರೆ.’ ಈ ಮಾತಿನಲ್ಲಿ ಅರ್ಧ ನಿಜವಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25-ಬಿ ಕಲಮು ಹೇಳಿದ್ದು ಇಷ್ಟು: ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನು ಒಂದು ವರ್ಷ ಸತತ ಸೇವೆ ಮಾಡಿದಂತೆ. ಗಣಿಯೊಳಗೆ ಇಳಿದು ದುಡಿಯುವವರಿಗೆ 190 ದಿನ ಸಾಕು. ಸತತ ಸೇವೆ ಆದವನನ್ನು ನೋಟಿಸ್, ಪರಿಹಾರ ಕೊಡದೆ ತೆಗೆಯುವ ಹಾಗಿಲ್ಲ. ಅದು ತೆಗೆದುಹಾಕುವಾಗಿನ ರಕ್ಷಣೆ, ಖಾಯಂ ಮಾಡಿಕೊಳ್ಳಿ ಎಂಬ ಆಜ್ಞೆಯಲ್ಲ. ಪಕ್ಕದ ತಮಿಳುನಾಡು 1981ರಲ್ಲಿ ಅಂಥದೇ ಆಜ್ಞೆಯಿರುವ ಕಾಯ್ದೆ ಮಾಡಿತು: ಇಪ್ಪತ್ತನಾಲ್ಕು ತಿಂಗಳಲ್ಲಿ 480 ದಿನ ದುಡಿದವನಿಗೆ ಖಾಯಂ ಸ್ಥಾನ. ನಮ್ಮ ಹುಡುಗರು ಮಾತಿನಲ್ಲಿ ಎರಡನ್ನೂ ಬೆರೆಸಿಕೊಂಡಿದ್ದಾರೆ. ಅದು ಅವರ ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂದು ಜಾಗದಲ್ಲಿ ಇಷ್ಟು ದಿನ ಬೆವರು ಹರಿಸಿದ ಮೇಲೆ ಆ ಜಾಗದ ಮೇಲೆ ಹಕ್ಕು ಹುಟ್ಟಬೇಕು ಎಂಬುದು ಗೇಣಿದಾರರ ಹೋರಾಟ ಕಂಡ ಜಿಲ್ಲೆಯ ಮನಸ್ಸು. ಕಾಗೋಡಿನ ಸತ್ಯಾಗ್ರಹ 1951ರಲ್ಲಿ ನಡೆದದ್ದು ಇದೇ ಜಿಲ್ಲೆಯಲ್ಲಿ. ಉಳುವವನಿಗೆ ಹೊಲ ಎಂಬ ಮಾತನ್ನು ಒಪ್ಪಿಕೊಂಡ ನೆಲದಲ್ಲಿ ದುಡಿಯುವವನಿಗೆ ಕೆಲಸ ಎಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಬ್ರೇಕ್ ಕೊಡುವುದು ಹೇಗೆಂದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಎಂಟನೇ ತಿಂಗಳಿಗೆ ಹತ್ತಿರ ಬರುವಾಗ ‘ಹದಿನೈದು ದಿನ ಮನೇಲಿರಪ್ಪ’ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ನಿಲ್ಲುತ್ತದೆ. ಮರಳಿ ಬಂದಾಗ ಅದೇ ಯಂತ್ರ, ಅದೇ ಸ್ಟೂಲು, ಹೊಸ ಗುತ್ತಿಗೆದಾರನ ಹೆಸರಿರುವ ಹೊಸ ಕಾರ್ಡು, ಹೊಸ ಸೇರ್ಪಡೆ ದಿನಾಂಕ. ಕೆಲಸಗಾರ ಪ್ರತಿ ವರ್ಷ ಹೊಸಬನಾಗುತ್ತಾನೆ. ಕೆಲಸ ಮಾತ್ರ ಒಂದು ದಿನವೂ ನಿಂತಿರುವುದಿಲ್ಲ.

ಪದ ಜಾರಿದ್ದು ಇಲ್ಲೇ ಎಂಬುದು ನನ್ನ ತಿಳಿವಳಿಕೆ. ಕೆಲಸಕ್ಕೆ ಸೇರಬೇಕಾದ ಗುಣವಾಚಕವನ್ನು ಕೆಲಸದಿಂದ ಕಿತ್ತು ಮನುಷ್ಯನಿಗೆ ಹಚ್ಚಿದೆವು. ಒಳ್ಳೆಯ ಕಾಲದಲ್ಲಿ ಅದು ಅವನಿಗೆ ಗೌರವ ತಂದಿತು. ಕೆಟ್ಟ ಕಾಲ ಬಂದಾಗ ಅದೇ ದಾರಿಯಲ್ಲಿ ‘ಟೆಂಪರರಿ’ಯೂ ಅವನಿಗೇ ಅಂಟಿತು. ಕೆಲಸ ಎಂದಿನಂತೆ ನಡೆಯುತ್ತಿದ್ದರೂ ‘ಅವನು ಟೆಂಪರರಿ’ ಎಂದರೆ ಸಾಕು, ಯಾರೂ ಮುಂದೆ ಕೇಳುವುದಿಲ್ಲ.

ಶಿವಮೊಗ್ಗ ನಗರದ ಬೀದಿ ದಿನಾ ಕೊಳೆಯಾಗುತ್ತದೆ, ದಿನಾ ಗುಡಿಸಬೇಕು. ಇದಕ್ಕಿಂತ ಖಾಯಂ ಆದ ಕೆಲಸ ಊರಿನಲ್ಲಿ ಇನ್ನೊಂದಿಲ್ಲ. ಆದರೆ ಅದನ್ನು ಮಾಡುವವರು ದಶಕಗಟ್ಟಲೆ ಗುತ್ತಿಗೆಯವರು, ಆಮೇಲೆ ‘ನೇರಪಾವತಿ’ಯವರು. 2022ರಲ್ಲಿ ರಾಜ್ಯದಾದ್ಯಂತ ಪೌರಕಾರ್ಮಿಕರು ಕಸ ಎತ್ತುವುದನ್ನು ನಿಲ್ಲಿಸಿ ಕೂತ ಮೇಲೆ ಸರ್ಕಾರ ಮೊದಲ ಹಂತದಲ್ಲಿ 11,133 ಜನರನ್ನು ಖಾಯಂ ಮಾಡಲು ಒಪ್ಪಿತು. ಗುಡಿಸುವವರಿಗೆ ಸಿಕ್ಕ ಆ ಪದ ಕಸದ ಗಾಡಿ ಓಡಿಸುವವರಿಗೆ, ಗಾಡಿಗೆ ತುಂಬುವವರಿಗೆ ಸಿಗಲಿಲ್ಲ. ಒಂದೇ ಕಸ, ಪೊರಕೆಯಿಂದ ಗಾಡಿಗೆ ಹೋಗುವಷ್ಟರಲ್ಲಿ ಗುಣವಾಚಕ ಬದಲಾಗುತ್ತದೆ.

ಕಾಲೇಜುಗಳಲ್ಲಿ ಇನ್ನೊಂದು ಪದ ಬಂದಿದೆ, ‘ಅತಿಥಿ’. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2023ರ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳ ವೇಳಾಪಟ್ಟಿ ತೆರೆದರೆ ಪಾಠ ನಡೆಯುತ್ತಿರುವುದು ಯಾರಿಂದ ಎಂದು ತಿಳಿಯುತ್ತದೆ. ಇವರೆಲ್ಲ 2023ರ ನವೆಂಬರ್‌ನಲ್ಲಿ ತರಗತಿ ಬಿಟ್ಟು ಹೊರಬಂದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. ನಮ್ಮಲ್ಲಿ ಅತಿಥಿಯನ್ನು ದೇವರೆನ್ನುವ ಮಾತಿದೆ. ಆ ಮಾತನ್ನು ವರ್ಷಕ್ಕೊಮ್ಮೆ ಅರ್ಜಿ ಹಾಕಿಸಿ, ರಜೆಯ ತಿಂಗಳಿಗೆ ಸಂಬಳ ತಪ್ಪಿಸುವ ಹುದ್ದೆಗೆ ಇಟ್ಟದ್ದು ನನಗೆ ನೋವು ತರುತ್ತದೆ.

ನ್ಯಾಯಾಲಯಗಳಲ್ಲಿ ಈ ಪದದ ಹಣೆಬರಹ ಬರೆದ ಮೊಕದ್ದಮೆಯೂ ಕರ್ನಾಟಕದ್ದೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿ ಮೇಲೆ ದುಡಿಯುತ್ತಿದ್ದವರು ಖಾಯಮಾತಿ ಕೇಳಿ ಹೋದ ಪ್ರಕರಣ, ಉಮಾದೇವಿ ಪ್ರಕರಣ ಎಂದೇ ದೇಶವೆಲ್ಲ ಹೆಸರಾಗಿದೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು: ನೇಮಕಾತಿಯ ನಿಯಮ ಬಿಟ್ಟು ಹಿಂಬಾಗಿಲಿನಿಂದ ಬಂದವರಿಗೆ ಎಷ್ಟು ವರ್ಷ ದುಡಿದರೂ ಖಾಯಂ ಆಗುವ ಹಕ್ಕು ತಾನಾಗಿ ಬರುವುದಿಲ್ಲ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ನೆರಳಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಮಾತ್ರ ಸಕ್ರಮ ಮಾಡಬಹುದು. ಹೊರಗೆ ನಿಂತು ಪರೀಕ್ಷೆಗೆ ಓದುತ್ತಿರುವವರಿಗೂ ಸಮಾನ ಅವಕಾಶ ಬೇಕು ಎಂಬ ಅದರ ವಾದದಲ್ಲಿ ನ್ಯಾಯವಿದೆ, ಅದನ್ನು ಒಪ್ಪಲೇಬೇಕು. ಆದರೆ ನೇಮಕಾತಿಯನ್ನೇ ಮಾಡದೆ ಕೂತ ಇಲಾಖೆಗಳು ಎರಡು ದಶಕ ಆ ತೀರ್ಪನ್ನು ಗುರಾಣಿ ಮಾಡಿಕೊಂಡವು. 2024ರ ಡಿಸೆಂಬರ್‌ನಲ್ಲಿ, ಜಗ್ಗೋ ಪ್ರಕರಣದಲ್ಲಿ, ಸುಪ್ರೀಂ ಕೋರ್ಟೇ ಉಮಾದೇವಿ ತೀರ್ಪನ್ನು ಹೀಗೆ ದುರುಪಯೋಗ ಮಾಡುವುದು ಸಲ್ಲದು ಎಂದು ಹೇಳಬೇಕಾಯಿತು. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ 2001ರಲ್ಲಿ ಬಂದ ದೊಡ್ಡ ತೀರ್ಪಿನಲ್ಲಿ ಭದ್ರಾವತಿ ಕಾರ್ಖಾನೆಯ ಒಡೆಯನಾದ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ, ಹೆಸರೇ ಇದೆ. ಒಂದು ಕೆಲಸದಲ್ಲಿ ಗುತ್ತಿಗೆ ಪದ್ಧತಿ ರದ್ದಾದರೂ ಆ ಗುತ್ತಿಗೆಯವರು ತಾವಾಗಿಯೇ ಖಾಯಂ ಆಗುವುದಿಲ್ಲ ಎಂದು ಅದು ತೀರ್ಮಾನಿಸಿತು.

ರೈಲಿನವರ ಬಾಯಲ್ಲಿ ಈ ಪದಕ್ಕೆ ಬೇರೆಯದೇ ಅರ್ಥವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಹಳಿ, ಸ್ಲೀಪರ್, ಜಲ್ಲಿ ಸೇರಿ ಆದ ದಾರಿಗೆ ಅವರು ‘ಪರ್ಮನೆಂಟ್ ವೇ’ ಎನ್ನುತ್ತಾರೆ. ಹಿಂದೆ ದಾರಿ ಕಟ್ಟುವಾಗ ಮಣ್ಣು, ಕಲ್ಲು ಸಾಗಿಸಲು ಮೊದಲೊಂದು ತಾತ್ಕಾಲಿಕ ಹಳಿ ಹಾಸುತ್ತಿದ್ದರು, ಅದನ್ನು ಕಿತ್ತು ಕೊನೆಗೆ ಹಾಸಿದ್ದು ಪರ್ಮನೆಂಟ್. ಬೀರೂರು–ಶಿವಮೊಗ್ಗ ದಾರಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಅಂದಿನ ಮೀಟರ್ ಗೇಜ್ ಈಗಿಲ್ಲ. ಮರದ ಸ್ಲೀಪರ್ ಹೋಗಿ ಕಾಂಕ್ರೀಟಿನದು ಬಂತು. ಹಳಿ ಸವೆದಂತೆ ಬದಲಾಯಿತು, ಜಲ್ಲಿಯನ್ನು ವರ್ಷ ವರ್ಷ ಕುಟ್ಟಿ ಕೂರಿಸುತ್ತಾರೆ. ಅಂದು ಹಾಸಿದ ಒಂದು ವಸ್ತುವೂ ಅಲ್ಲಿ ಉಳಿದಿಲ್ಲ, ಆದರೂ ಆ ದಾರಿ ಪರ್ಮನೆಂಟ್. ಗ್ಯಾಂಗ್‌ಮನ್ ಬೆಳಗಿನ ಚಳಿಯಲ್ಲಿ ಸುತ್ತಿಗೆ ಹಿಡಿದು ಕೀಲಿ ಬಡಿಯುತ್ತ ನಡೆದಿರುವವರೆಗೆ ಅದು ಪರ್ಮನೆಂಟ್. ಕಾರ್ಖಾನೆಯನ್ನು ಹೀಗೆ ನೋಡಿಕೊಂಡಿದ್ದರೆ?

ಭದ್ರಾವತಿಯಲ್ಲಿ ಹಾಗಾಗಲಿಲ್ಲ. ಪೇಪರ್ ಮಿಲ್ಲಿನ ಯಂತ್ರ 2015ರಲ್ಲಿ ನಿಂತಿತು. ಪರ್ಮನೆಂಟ್ ಆದವರ ಕೈಗೆ ಸ್ವಯಂ ನಿವೃತ್ತಿಯ ಕಾಗದ ಬಂತು. ಕಬ್ಬಿಣದ ಕಾರ್ಖಾನೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೊತ್ತು, 1989ರಲ್ಲಿ ಸೈಲ್ ಕೈ ಸೇರಿ, 1998ರಲ್ಲಿ ಅದರಲ್ಲೇ ವಿಲೀನವಾಗಿತ್ತು. 2016ರಿಂದ ಮಾರಾಟದ ಮಾತು, ಕೊಳ್ಳುವವರು ಗಟ್ಟಿಯಾಗಿ ಸಿಗದೆ 2022ರಲ್ಲಿ ಆ ಪ್ರಕ್ರಿಯೆ ರದ್ದು. 2023ರ ಜನವರಿಯಲ್ಲಿ, ನೂರು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ, ಮುಚ್ಚುವ ತೀರ್ಮಾನ ಹೊರಬಿತ್ತು. ಗೇಟಿನ ಮುಂದೆ ಕೂತವರು ಮುಖ್ಯವಾಗಿ ಗುತ್ತಿಗೆ ಕಾರ್ಮಿಕರು. ಆ ಹೊತ್ತಿಗೆ ಖಾಯಂ ಕಾರ್ಮಿಕರು ಕೆಲವು ನೂರು, ಗುತ್ತಿಗೆಯವರು ಸಾವಿರಕ್ಕೂ ಮಿಕ್ಕಿ. ಮುಚ್ಚಿದರೆ ಖಾಯಂನವರನ್ನು ಬೇರೆ ಊರಿನ ಘಟಕಕ್ಕೆ ಕಳಿಸಬಹುದು, ಗುತ್ತಿಗೆಯವರಿಗೆ ಹೋಗಲು ಬೇರೆ ಜಾಗವೇ ಇಲ್ಲ. ಅದೇ ಕಾರಣಕ್ಕೆ ಚಳಿ, ಬಿಸಿಲು, ಮಳೆ ಎನ್ನದೆ ಶಾಮಿಯಾನದ ಕೆಳಗೆ ಕೂತು, ಕಾರ್ಖಾನೆ ಉಳಿಯಲಿ ಎಂದು ಕೇಳಿದವರು ಅವರು. ಆ ವರ್ಷವೇ ಬಾರ್ ಮಿಲ್ ಮತ್ತೆ ಅಷ್ಟಿಷ್ಟು ತಿರುಗಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು. ಊರನ್ನು ಬಿಡದೆ ಉಳಿದವರು, ‘ಮಾನೇರೆ’ಯ ಅರ್ಥ ಬದುಕಿದವರು, ಕಾಗದದಲ್ಲಿ ಟೆಂಪರರಿ ಎನಿಸಿಕೊಂಡವರೇ.

ಕೆಲಸದಲ್ಲಿ ಕೈಗೆ ಪೆಟ್ಟಾದವರ ಕಾಗದದಲ್ಲೂ ಈ ಪದ ಬರುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲಿ, ಭದ್ರಾವತಿಯ ಕುಲುಮೆ ಹೊತ್ತಿದ ವರ್ಷವೇ, ಬಂದ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಶಾಶ್ವತ ಪೂರ್ಣ ಅಂಗವೈಕಲ್ಯ, ಶಾಶ್ವತ ಭಾಗಶಃ ಅಂಗವೈಕಲ್ಯ ಎಂಬ ಎರಡು ಬಗೆ ಇದ್ದವು. ಕೊನೆಗೆ ಕೊಟ್ಟ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯ ನಷ್ಟ ಶೇ 30 ಎಂದು ನಮೂದಾಗಿತ್ತು. ಗುತ್ತಿಗೆಯವನಿಗೂ ಈ ಪರಿಹಾರ ಸಲ್ಲುತ್ತದೆ, ಗುತ್ತಿಗೆದಾರ ಕೈಯೆತ್ತಿದರೆ ಮೂಲ ಮಾಲೀಕನೇ ಹೊಣೆ ಎಂದು ಕಾನೂನು ಹೇಳುತ್ತದೆ. ಎಷ್ಟು ಜನರಿಗೆ ಇದು ಗೊತ್ತಿದೆ? ಗೇಟಿನ ಬಳಿ ದೊಡ್ಡ ಅಕ್ಷರದಲ್ಲಿ ಬರೆಸಬೇಕಾದ ಮಾತು ಇದು.

ಆರ್‌ಟಿಒ ಕಚೇರಿಯಲ್ಲಿ ಎಲ್‌ಎಲ್‌ಆರ್ ಮುಗಿದು ಬರುವುದು ‘ಪರ್ಮನೆಂಟ್ ಡಿಎಲ್’, ಅದಕ್ಕೂ ಒಂದು ಅವಧಿ ಇರುತ್ತದೆ. ಪ್ಯಾನ್ ಕಾರ್ಡಿನ ಮೊದಲ ಅಕ್ಷರವೂ ಪರ್ಮನೆಂಟೇ. ಅರ್ಜಿಗಳಲ್ಲಿ ತಾತ್ಕಾಲಿಕ ವಿಳಾಸದ ಕೆಳಗೆ ಪರ್ಮನೆಂಟ್ ಅಡ್ರೆಸ್ ಕೇಳುತ್ತಾರೆ. ಶರಾವತಿಯಲ್ಲಿ ಮುಳುಗಿದ ಊರುಗಳಿಂದ ಎಬ್ಬಿಸಿ ತಂದು ಶಿವಮೊಗ್ಗ, ಭದ್ರಾವತಿ ಸುತ್ತ ಕೂರಿಸಿದ ಕುಟುಂಬಗಳ ಮೊಮ್ಮಕ್ಕಳು ಆ ಸಾಲಿನ ಮುಂದೆ ಇಂದಿಗೂ ಪೆನ್ನು ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆರು ದಶಕದ ಮೇಲೂ ಅವರಲ್ಲಿ ಅನೇಕರಿಗೆ ಉಳುವ ನೆಲದ ಹಕ್ಕುಪತ್ರ ಪೂರ್ತಿ ಕೈಸೇರಿಲ್ಲ. ಆ ಅಣೆಕಟ್ಟಿನ ವಿದ್ಯುತ್ತಿನ ಬೆಳಕು ಮಾತ್ರ ನಾಡಿಗೆಲ್ಲ ಖಾಯಂ ಆಯಿತು.

ಈಗ ಊರಿಗೆ ಇನ್ನೊಂದು ಗುಣವಾಚಕ ಬರುತ್ತಿದೆ: ‘ಫಿಕ್ಸೆಡ್’. 2025ರ ನವೆಂಬರ್ 21ರಿಂದ ಜಾರಿಗೆ ತಂದಿರುವ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ‘ಫಿಕ್ಸೆಡ್ ಟರ್ಮ್’ ನೌಕರಿಗೆ ಸ್ಥಾನವಿದೆ. ಖಾಯಂನವರಿಗೆ ಸಮನಾದ ಸಂಬಳ, ಒಂದೇ ವರ್ಷಕ್ಕೆ ಗ್ರ್ಯಾಚುಟಿ ಎಂಬ ಒಳ್ಳೆಯ ಅಂಶಗಳು ಅದರಲ್ಲಿವೆ, ಹಿಂದೆ ಗ್ರ್ಯಾಚುಟಿಗೆ ಐದು ವರ್ಷ ಕಾಯಬೇಕಿತ್ತು. ನನ್ನ ಆತಂಕ ಬೇರೆ. ನಮ್ಮ ಮಾತಿನಲ್ಲಿ ಫಿಕ್ಸ್ ಅಂದರೆ ಗಟ್ಟಿಯಾಯಿತು ಎಂದು. ಮದುವೆ ಫಿಕ್ಸ್ ಆಯ್ತು, ಡೇಟ್ ಫಿಕ್ಸ್ ಆಯ್ತು, ರೇಟ್ ಫಿಕ್ಸ್. ಈ ನೌಕರಿಯಲ್ಲಿ ಗಟ್ಟಿಯಾಗಿರುವುದು ಕೆಲಸ ಮುಗಿಯುವ ದಿನ. ‘ಹುಡುಗ ಫಿಕ್ಸೆಡ್’ ಎಂದು ಕೇಳಿ ಜನ್ನಾಪುರದಲ್ಲೋ ಉಜ್ಜನೀಪುರದಲ್ಲೋ ಒಂದು ಮನೆಯವರು ನೆಮ್ಮದಿಯಿಂದ ತಲೆಯಾಡಿಸಿಬಿಡುವ ಸಾಧ್ಯತೆ ಇದೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆಂದು ಅದೇ ಸಂಹಿತೆಗಳು ಹೇಳುತ್ತವೆ. ಆ ಪತ್ರ ಕನ್ನಡದಲ್ಲಿರಬೇಕು, ಮೊದಲ ಪುಟದಲ್ಲೇ ಎರಡು ಸಾಲು ಎದ್ದು ಕಾಣಬೇಕು: ಈ ಕೆಲಸ ವರ್ಷವಿಡೀ ನಡೆಯುವುದೇ, ಹೌದೋ ಅಲ್ಲವೋ; ಹೌದಾದರೆ, ಇವರನ್ನು ಯಾವ ಕಾರಣಕ್ಕೆ ಅವಧಿಗೆ ಮಾತ್ರ ತೆಗೆದುಕೊಳ್ಳಲಾಗಿದೆ. ಕಾರ್ಮಿಕ ಇಲಾಖೆ ಕರ್ನಾಟಕದ ನಿಯಮಗಳಲ್ಲಿ ಈ ಎರಡು ಸಾಲು ಸೇರಿಸಲು ಯಾವ ದೊಡ್ಡ ತಿದ್ದುಪಡಿಯೂ ಬೇಕಿಲ್ಲ, ಒಂದು ನಮೂನೆ ಮುದ್ರಿಸಿದರೆ ಸಾಕು.